ಪಹಣಿಯಲ್ಲಿ ಹೆಸರಿಲ್ಲದ ರೈತ



ಕಳೆದ ಬಾರಿ ಊರಿಗೆ ಹೋಗಿದ್ದಾಗ ನನ್ನ ಅಣ್ಣನ ಮೊಮ್ಮಗ ಒಂದು ಪ್ರಶ್ನೆ ಕೇಳಿದ. “ಅಜ್ಜಾ, ನೀವು ಇತಿಹಾಸ ಪಾಠ ಮಾಡಿದವರು. ಹೇಳಿ, ನಾನು ರೈತನೋ ಅಲ್ಲವೋ?” ನಾನು ನಕ್ಕೆ. ಆದರೆ ಅವನು ನಗಲಿಲ್ಲ. ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹುಡುಗ 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಅಂದಿನಿಂದ ಗದ್ದೆಯ ಕೆಲಸವೆಲ್ಲ ಅವನದೇ. ಕೊಳವೆಬಾವಿಗೂ ಹನಿ ನೀರಾವರಿಗೂ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಪಹಣಿ ಕೇಳಿದರು. ಪಹಣಿಯಲ್ಲಿ ಅವನ ಹೆಸರಿಲ್ಲ. ಪ್ರಧಾನಮಂತ್ರಿಗಳ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯೂ ಅವನಿಗೆ ಬರುವುದಿಲ್ಲ. ಉತ್ತವನು ಅವನು, ಬಿತ್ತಿದವನು ಅವನು. ಆದರೆ ಕಾಗದದ ಲೆಕ್ಕದಲ್ಲಿ ಅವನು ರೈತನಲ್ಲ.

ಆ ಪ್ರಶ್ನೆಗೆ ಅಂದು ನನಗೆ ಉತ್ತರ ಹೊಳೆಯಲಿಲ್ಲ. ಶಿವಮೊಗ್ಗಕ್ಕೆ ಹಿಂದಿರುಗಿದ ಮೇಲೆ ಹಳೆಯದನ್ನೆಲ್ಲ ಮೆಲುಕು ಹಾಕುತ್ತ ಕುಳಿತೆ. ಹಳ್ಳಿಯ ತರುಣನನ್ನು ನೆಲದ ಮೇಲೆ ನಿಲ್ಲಿಸಲು ನಮ್ಮ ಸರ್ಕಾರಗಳು ಕಳೆದ ನೂರು ವರ್ಷಗಳಲ್ಲಿ ಏನೇನು ಮಾಡಿದವು, ಎಲ್ಲಿ ಗೆದ್ದವು, ಎಲ್ಲಿ ಎಡವಿದವು ಎಂಬುದನ್ನು ನಾನು ಕಂಡಷ್ಟು, ಓದಿದಷ್ಟು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಬಂಧುಗಳಿಗೆ ಒಂದು ಮಾತಿದೆ. ಅದನ್ನು ತಲುಪುವವರೆಗೆ ದಯವಿಟ್ಟು ಓದಿ.

ರೈತನ ಬೆನ್ನಿಗೆ ನಿಲ್ಲುವುದೆಂದರೆ ಮೂರು ವಸ್ತುಗಳನ್ನು ಒದಗಿಸುವುದು: ತಿಳಿವಳಿಕೆ, ಹಣ ಮತ್ತು ನೆಲ. ಇವು ನಮ್ಮಲ್ಲಿ ಬಂದದ್ದು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ. ಅತ್ಯಂತ ಅಗತ್ಯವಾದದ್ದು ಅತ್ಯಂತ ಕೊನೆಗೆ ಬಂತು.

ತಿಳಿವಳಿಕೆಯ ಕಥೆ ಹೆಬ್ಬಾಳದಲ್ಲಿ ಪ್ರಾರಂಭವಾಗುತ್ತದೆ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದ ಕಾಲದಲ್ಲಿ ಅಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗೆಂದು ಕೊಡಲಾಯಿತು. ರಸಾಯನಶಾಸ್ತ್ರಜ್ಞರಾದ ಲೇಮನ್ನರು ಮೊದಲು, ಅನಂತರ ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ನರು ಅಲ್ಲಿ ಕೆಲಸ ಮಾಡಿದರು. ನಮ್ಮ ಮಲೆನಾಡಿನವರು ಕೋಲ್ಮನ್ನರನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿದ್ದ ಕಾಲದಲ್ಲಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ತೋಟಗಳಿಗೆ ತಂದವರು ಅವರು. ಇಂದಿಗೂ ಆಷಾಢದಲ್ಲಿ ನಮ್ಮ ತೋಟಗಳಲ್ಲಿ ನಡೆಯುವ ಔಷಧಿ ಹೊಡೆಯುವ ಕೆಲಸದ ಮೂಲ ಅದೇ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. ಅದು 1946ರಲ್ಲಿ ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವೇ ಬಂತು. ಹಳ್ಳಿಯ ಹುಡುಗನೊಬ್ಬ ಬೇಸಾಯವನ್ನು ವಿದ್ಯೆಯಾಗಿ ಕಲಿಯಬಹುದೆಂಬ ಕಲ್ಪನೆಯೇ ಆ ಕಾಲಕ್ಕೆ ಹೊಸದು. ಆದರೆ ಆ ಶಾಲೆಗೆ ಮಗನನ್ನು ಕಳುಹಿಸಬಲ್ಲವರು ಜಮೀನುಳ್ಳವರು. ನಮ್ಮಂಥ ಗೇಣಿ ಒಕ್ಕಲುಗಳಿಗೆ ಅದರ ಹೆಸರೂ ತಿಳಿದಿರಲಿಲ್ಲ.

ಹಣದ ಕಥೆ ಉತ್ತರದಿಂದ ಬಂತು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆಯಾಯಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದ ಸಹಕಾರ ಚಳವಳಿಗೆ ನಾಂದಿ ಹಾಡಿದ ಊರು ಅದೆಂಬುದು ಕನ್ನಡಿಗರ ಹೆಮ್ಮೆ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಉದ್ದೇಶ. ಆದರೆ ಸಾಲಕ್ಕೆ ಭದ್ರತೆ ಬೇಕು, ಭದ್ರತೆಗೆ ಭೂಮಿ ಬೇಕು. ಆದಕಾರಣ ಈ ದಾರಿಯೂ ಗೇಣಿದಾರನ ಮನೆಯ ಬಾಗಿಲಿಗೆ ಬಾರದೆ ನಿಂತಿತು.

ಇನ್ನು ನಾನು ಕಣ್ಣಾರೆ ಕಂಡ ಕಾಲಕ್ಕೆ ಬರುತ್ತೇನೆ.

1952ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆಗಳು ಪ್ರಾರಂಭವಾದವು. ಒಂದೊಂದು ಯೋಜನೆಗೂ ಸುಮಾರು 300 ಹಳ್ಳಿಗಳು, ಎರಡು ಲಕ್ಷ ಜನ. ಅವುಗಳಲ್ಲಿ ಒಂದು ನಮ್ಮ ಸೊರಬ–ಶಿಕಾರಿಪುರ ಪ್ರದೇಶಕ್ಕೆ ದೊರೆಯಿತು. ನನಗಾಗ ಏಳು ವರ್ಷ. ಸೈಕಲ್ಲಿನ ಮೇಲೆ, ಖಾಕಿ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, ಗ್ರಾಮಸೇವಕರು ಎಂಬ ಹೊಸ ಮನುಷ್ಯ ಊರಿಗೆ ಬಂದರು. ಅಲ್ಲಿಯವರೆಗೆ ನಮ್ಮೂರಿಗೆ ಬರುತ್ತಿದ್ದ ಸರ್ಕಾರದವರೆಂದರೆ ಕಂದಾಯ ವಸೂಲಿಗೆ ಬರುವವರು ಅಥವಾ ಪೊಲೀಸರು. ಏನನ್ನೂ ಕೇಳದೆ, ಏನನ್ನೋ ಕೊಡಲು ಬಂದ ಮೊದಲ ಸರ್ಕಾರಿ ನೌಕರ ಅವರೇ. ಹೆಂಗಸರು ಬಾಗಿಲ ಮರೆಯಿಂದ ನೋಡಿದರು. ಹಿರಿಯರು, “ಇವನು ಹೊಸ ತೆರಿಗೆ ಹಾಕಲು ಬಂದವನೇ ಸರಿ” ಎಂದು ತೀರ್ಮಾನಿಸಿದರು.

ಹಿರಿಯರು ಕಿವಿಗೊಡದಿದ್ದಾಗ ಗ್ರಾಮಸೇವಕರು ಹುಡುಗರನ್ನು ಹಿಡಿದರು. ಊರೂರಿನಲ್ಲಿ ಯುವಕ ಮಂಡಲಗಳನ್ನು ಕಟ್ಟುವುದು ಯೋಜನೆಯ ಒಂದು ಮುಖ್ಯ ಕಾರ್ಯವೇ ಆಗಿತ್ತು. ನಮ್ಮೂರಿನ ದೇವಸ್ಥಾನದ ಪೌಳಿಯಲ್ಲಿ ಸಂಜೆ ಲಾಟೀನಿನ ಬೆಳಕಿನಲ್ಲಿ ಹನ್ನೆರಡು ಮಂದಿ ತರುಣರು ಸೇರುತ್ತಿದ್ದರು. ಅವರಲ್ಲಿ ಹದಿನೆಂಟರ ಹರೆಯದ ನನ್ನ ಅಣ್ಣನೂ ಒಬ್ಬ. ಅವನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಗ್ರಾಮಸೇವಕರು ಕೊಟ್ಟ ಕೈಪಿಡಿಯನ್ನು ಬೆರಳಿಟ್ಟು ಓದುತ್ತಿದ್ದುದು, ಅರ್ಥವಾಗದ ಪದಗಳನ್ನು ನನ್ನಿಂದ ಓದಿಸುತ್ತಿದ್ದುದು ಇಂದಿಗೂ ನನ್ನ ಕಣ್ಣ ಮುಂದಿದೆ. ನಾನು ಮೊದಲು ಮೇಷ್ಟ್ರಾದದ್ದು ಅಂದೇ ಎನ್ನಬಹುದು.

1953ರಲ್ಲಿ ದೇಶದಾದ್ಯಂತ ಜಪಾನೀ ಪದ್ಧತಿಯ ಭತ್ತದ ಬೇಸಾಯದ ಪ್ರಚಾರ ನಡೆಯಿತು. ಎತ್ತರಿಸಿದ ಮಡಿಗಳಲ್ಲಿ ಕಡಿಮೆ ಬೀಜದಿಂದ ಅಗೆ ಬೆಳೆಸುವುದು, ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡುವುದು, ಸಾಲುಗಳ ನಡುವೆ ಕಳೆ ತೆಗೆಯುವುದು, ಕೊಟ್ಟಿಗೆ ಗೊಬ್ಬರದೊಂದಿಗೆ ಅಮೋನಿಯಂ ಸಲ್ಫೇಟ್ ಹಾಕುವುದು: ಇವು ಅದರ ಮುಖ್ಯ ಅಂಶಗಳು. ಅಣ್ಣ ಅಪ್ಪಯ್ಯನನ್ನು ಕಾಡಿ ಬೇಡಿ ಅರ್ಧ ಎಕರೆಯಷ್ಟು ಗದ್ದೆಯನ್ನು ಈ ಪ್ರಾತ್ಯಕ್ಷಿಕೆಗೆ ಬಿಡಿಸಿಕೊಂಡ. ಹಗ್ಗ ಹಿಡಿದು ನೆಡುವುದನ್ನು ಕಂಡು ಊರೇ ನಕ್ಕಿತು. ಸುಗ್ಗಿಯಲ್ಲಿ ಯಾರೂ ನಗಲಿಲ್ಲ. ಆರು ಚೀಲ ಬರುತ್ತಿದ್ದ ತುಂಡಿನಲ್ಲಿ ಒಂಬತ್ತು ಚೀಲ ಭತ್ತ ಬಂತು. ಕಣದಲ್ಲಿ ರಾಶಿಯ ಪಕ್ಕ ನಿಂತಿದ್ದ ಅಣ್ಣನ ಮುಖದಲ್ಲಿ ಅಂದು ಕಂಡ ಬೆಳಕನ್ನು ನಾನು ಮತ್ತೆ ಕಂಡದ್ದು ಅವನ ಮದುವೆಯಲ್ಲೂ ಅಲ್ಲ.

ಆದರೆ ಆ ಕಣಕ್ಕೆ ಗದ್ದೆಯ ಒಡೆಯರ ಕಡೆಯ ಗುಮಾಸ್ತರೂ ಬಂದಿದ್ದರು. ರಾಶಿಯನ್ನು ಒಂದು ಸುತ್ತು ನೋಡಿದರು, ಏನೂ ಹೇಳದೆ ಹೋದರು. ಮರುವರ್ಷ ಗೇಣಿ ಎರಡು ಚೀಲ ಹೆಚ್ಚಾಯಿತು. ಅಪ್ಪಯ್ಯ ಕೋಪಿಸಿಕೊಳ್ಳಲಿಲ್ಲ, ಅವರಿಗೆ ಅದು ತಿಳಿದೇ ಇತ್ತು. “ಸಾಲು ಹಿಡಿದು ನೆಟ್ಟು ಸೊಂಟ ಬೀಳಿಸಿಕೊಳ್ಳೋರು ನಾವು, ಹೆಚ್ಚಿಗೆ ಬಂದದ್ದು ಒಡೇರಿಗೆ. ಇನ್ನು ಸಾಕು ಮಾರಾಯ” ಎಂದರು. ಅಣ್ಣ ಹಗ್ಗವನ್ನು ಅಟ್ಟದ ಮೇಲೆ ಹಾಕಿದ. ಯುವಕ ಮಂಡಲ ಇನ್ನೂ ಎರಡು ವರ್ಷ ಭಜನೆ, ನಾಟಕ, ಶ್ರಮದಾನಗಳಲ್ಲಿ ನಡೆದು ಅನಂತರ ತಾನಾಗಿ ನಿಂತಿತು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಯೋಜನೆ ಬರುವುದಕ್ಕೆ ಒಂದು ವರ್ಷ ಮೊದಲು, 1951ರಲ್ಲಿ, ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದಿತ್ತು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಹುಟ್ಟಿದ ಜಗಳ ಭೂಮಿಯ ಹಕ್ಕಿನ ಹೋರಾಟವಾಗಿ ಬೆಳೆಯಿತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಒಂದೆಡೆ ರೈತರು ‘ಉಳುವವನಿಗೆ ನೆಲ’ ಎಂದು ಜೈಲಿಗೆ ಹೋಗುತ್ತಿದ್ದರು. ಮತ್ತೊಂದೆಡೆ ಸರ್ಕಾರ ಒಳ್ಳೆಯ ಬೀಜದ ಬಗ್ಗೆ, ಗೊಬ್ಬರದ ಬಗ್ಗೆ ಉಪದೇಶಿಸುತ್ತಿತ್ತು. ಗ್ರಾಮಸೇವಕರು ಸಜ್ಜನರು, ಬೆವರು ಸುರಿಸಿ ದುಡಿದವರು. ಆದರೆ ಅವರ ಖಾಕಿ ಚೀಲದಲ್ಲಿ ಗೇಣಿಯ ಸಮಸ್ಯೆಗೆ ಔಷಧಿ ಇರಲಿಲ್ಲ.

1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ಈ ಯೋಜನೆಗಳನ್ನು ಪರಿಶೀಲಿಸಿ, ಜನರ ಸ್ವಂತ ಉತ್ಸಾಹವನ್ನು ಎಬ್ಬಿಸುವುದರಲ್ಲಿ ಅವು ಸಫಲವಾಗಿಲ್ಲವೆಂದು ಹೇಳಿತು. ಅದು ಸೂಚಿಸಿದ ಮದ್ದು ಮೂರು ಹಂತಗಳ ಪಂಚಾಯತ್ ವ್ಯವಸ್ಥೆ. ಅದು ಒಳ್ಳೆಯ ಸಲಹೆಯೇ. ಆದರೆ ನನ್ನ ಅಣ್ಣನ ಉತ್ಸಾಹ ಕಣದಲ್ಲಿ ಹೇಗೆ ಬತ್ತಿತೆಂಬುದನ್ನು ಕಂಡ ನನಗೆ, ಆ ಮಾತನ್ನು ಓದಿದಾಗಲೆಲ್ಲ ಉತ್ಸಾಹಕ್ಕೇನೂ ಕೊರತೆಯಿರಲಿಲ್ಲವಲ್ಲ ಎನ್ನಿಸುತ್ತದೆ.

1960ರ ದಶಕದಲ್ಲಿ ದೇಶಕ್ಕೆ ಆಹಾರದ ಚಿಂತೆ ಹತ್ತಿತು. ಎಲ್ಲ ಹಳ್ಳಿಗಳಿಗೂ ಸ್ವಲ್ಪ ಸ್ವಲ್ಪ ಕೊಡುವ ಬದಲು ನೀರಿರುವ ಜಿಲ್ಲೆಗಳಿಗೆ ಹೆಚ್ಚು ಕೊಡುವುದೆಂಬ ನೀತಿ ಬಂತು. ನಮ್ಮ ರಾಜ್ಯದಲ್ಲಿ ಕನ್ನಂಬಾಡಿಯ ನಾಲೆಗಳುಳ್ಳ ಮಂಡ್ಯ ಜಿಲ್ಲೆ ‘ಪ್ಯಾಕೇಜ್ ಕಾರ್ಯಕ್ರಮ’ಕ್ಕೆ ಆಯ್ಕೆಯಾಯಿತು. 1966ರಿಂದ ಅಧಿಕ ಇಳುವರಿ ತಳಿಗಳು ಬಂದವು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಹಳ್ಳಿಗಳಿಗೆ ಶಾಖೆಗಳು ಬಂದವು. ಹಡಗಿನಲ್ಲಿ ಬರುವ ಗೋಧಿಗೆ ಕಾಯುತ್ತಿದ್ದ ದೇಶ ಉಣ್ಣುವಂತಾಯಿತು. ಇದನ್ನು ಸಣ್ಣದೆಂದು ಯಾರೂ ಹೇಳಲಾರರು.

ನೆಲದ ಕಥೆ ಕೊನೆಗೂ ಬಂದದ್ದು 1974ರಲ್ಲಿ. ಭೂ ಸುಧಾರಣೆಯ ಕಾಯ್ದೆ 1961ರಲ್ಲೇ ಆಗಿ, 1965ರಲ್ಲಿ ಜಾರಿಗೆ ಬಂದಿತ್ತು. ಆದರೆ ಸ್ವಂತ ಸಾಗುವಳಿಗೆಂದು ಒಡೆಯರು ಭೂಮಿಯನ್ನು ಬಿಡಿಸಿಕೊಳ್ಳಲು ಅದರಲ್ಲಿ ದಾರಿಗಳಿದ್ದವು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಆ ದಾರಿಗಳನ್ನು ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ‘ಫಾರಂ 7’ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ, ವಿಚಾರಣೆ ನಡೆದು ಅಧಿಭೋಗದ ಹಕ್ಕು ದೊರೆಯುತ್ತಿತ್ತು. ಬಡವನಿಗೆ ವಕೀಲರ ಖರ್ಚು ಬಾರದಿರಲೆಂದು ಪ್ರಾರಂಭದಲ್ಲಿ ಮಂಡಳಿಯ ಮುಂದೆ ವಕೀಲರಿಗೆ ಅವಕಾಶವೇ ಇರಲಿಲ್ಲ. ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಆಗ ನಾನು ಇಪ್ಪತ್ತೊಂಬತ್ತು ವರ್ಷದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಸಂಜೆಯೆಲ್ಲ ಫಾರಂ 7 ತುಂಬಿಕೊಡುವುದೇ ಕೆಲಸ. ಹೆಬ್ಬೆಟ್ಟು ಒತ್ತಿದ ಮುದುಕರ ಕೈ ನಡುಗುತ್ತಿತ್ತು. ಒಡೆಯರ ಎದುರು ಕಾಗದ ಹಾಕುವುದೆಂದರೆ ಅವರಿಗೆ ದೇವರೆದುರು ಸುಳ್ಳು ಹೇಳಿದಷ್ಟು ಭಯ. ನಮ್ಮ ಅಪ್ಪಯ್ಯನ ಅರ್ಜಿಯನ್ನೂ ನಾನೇ ಬರೆದೆ. 1977ರಲ್ಲಿ ಆದೇಶ ಬಂತು. ಮನೆಗೆ ಬಂದು ಓದಿ ಹೇಳಿದಾಗ ಅಪ್ಪಯ್ಯ ಸುಮ್ಮನೆ ಕುಳಿತಿದ್ದರು. ಅಣ್ಣ ಅಟ್ಟ ಹತ್ತಿ ಆ ಹಳೆಯ ಹಗ್ಗವನ್ನು ಹುಡುಕಿ ತಂದ. ಅದನ್ನು ಇಲಿ ತಿಂದಿತ್ತು. ಅಣ್ಣನಿಗೆ ಆಗ ನಲವತ್ತೆರಡು ವರ್ಷ.

ಆ ಸಂಖ್ಯೆಯನ್ನು ಗಮನಿಸಿ. ತಿಳಿವಳಿಕೆ ಬಂದಾಗ ಅವನಿಗೆ ಹದಿನೆಂಟು. ನೆಲ ಬಂದಾಗ ನಲವತ್ತೆರಡು. ನಡುವೆ ಹೋದ ಇಪ್ಪತ್ತನಾಲ್ಕು ವರ್ಷಗಳನ್ನು ಯಾವ ಯೋಜನೆಯೂ ಹಿಂದಿರುಗಿಸಲಾರದು. ತರುಣ ರೈತನ ಮಟ್ಟಿಗೆ ತಡವಾಗಿ ಬಂದ ನೆರವು ಅರ್ಧ ನೆರವು ಮಾತ್ರ.

ಮುಂದಿನ ತಲೆಮಾರಿನ ಹೊತ್ತಿಗೆ ನೀತಿಯ ದಿಕ್ಕೇ ಬದಲಾಯಿತು. 1979ರ ಆಗಸ್ಟ್ 15ರಂದು ಗ್ರಾಮೀಣ ಯುವಕರಿಗೆ ಸ್ವಯಂ ಉದ್ಯೋಗ ತರಬೇತಿ ನೀಡುವ ‘ಟ್ರೈಸೆಮ್’ ಯೋಜನೆ ಬಂತು. 18ರಿಂದ 35 ವರ್ಷದ ಬಡ ಕುಟುಂಬದ ಯುವಕ ಯುವತಿಯರಿಗೆ ಶಿಷ್ಯವೇತನ, ತರಬೇತಿ, ಉಪಕರಣ. ನಮ್ಮೂರಿಗೂ ಅದರಿಂದ ಹೊಲಿಗೆ ಯಂತ್ರಗಳು ಬಂದವು, ಸೈಕಲ್ ರಿಪೇರಿ ಅಂಗಡಿಯೊಂದು ಬಂತು. ಕೆಲವರ ಬಾಳು ಹಸನಾಯಿತು. ಆದರೆ ಅದರ ಒಳಗಿನ ಸಂದೇಶ, ‘ಬೇಸಾಯದಲ್ಲಿ ನಿನಗೆ ಜಾಗವಿಲ್ಲ, ಬೇರೆ ದಾರಿ ನೋಡಿಕೋ’ ಎಂಬುದೇ. 1999ರಲ್ಲಿ ಅದು ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ಲೀನವಾಯಿತು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸರ್ಕಾರವನ್ನು ದೂರುವುದು ಸುಲಭ. ತರಗತಿಯಲ್ಲಿ ನಾನು ಮಾಡಿದ್ದೇನು? ಮೇಟಿವಿದ್ಯೆಯನ್ನು ಹೊಗಳುವ ಸರ್ವಜ್ಞನ ವಚನವನ್ನು ಭಕ್ತಿಯಿಂದ ಪಾಠ ಮಾಡಿದೆ. ಅದೇ ಗಂಟೆಯಲ್ಲಿ, ಮಗ್ಗಿ ತಪ್ಪಿದ ಹುಡುಗನಿಗೆ, “ನೀನು ಗದ್ದೆ ಉಳೋಕೇ ಲಾಯಕ್ಕು” ಎಂದೆ. ಬೇಸಾಯವನ್ನು ಶಿಕ್ಷೆಯ ಹೆಸರಾಗಿ ಬಳಸಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಚೆನ್ನಾಗಿ ಓದಿದವರೆಲ್ಲ ಊರು ಬಿಟ್ಟಿರಿ. ಅದು ನನಗೆ ಹೆಮ್ಮೆ. ಉಳಿದವರು, ತಾವು ಸೋತವರೆಂದು ನಂಬಿ ಉಳಿದರು. ಅದು ನನಗೆ ನಾಚಿಕೆ. 2003ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ನಡೆದಾಗ, ಅವಕಾಶವಿದ್ದರೆ ಬೇಸಾಯ ಬಿಟ್ಟು ಬೇರೆ ಕಸುಬು ಹಿಡಿಯುವೆವೆಂದು ಶೇಕಡಾ 40ರಷ್ಟು ರೈತರು ಹೇಳಿದ್ದರು. ಅವರಲ್ಲಿ ಎಷ್ಟು ಮಂದಿಗೆ ನನ್ನಂಥ ಮೇಷ್ಟ್ರುಗಳಿದ್ದರೋ!

ಇಂದಿನ ಸ್ಥಿತಿ ನೋಡಿ. ತಿಳಿವಳಿಕೆಗೆ ಕೊರತೆಯಿಲ್ಲ. 1974ರಲ್ಲಿ ಪುದುಚೇರಿಯಲ್ಲಿ ಒಂದರಿಂದ ಆರಂಭವಾದ ಕೃಷಿ ವಿಜ್ಞಾನ ಕೇಂದ್ರಗಳು ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. ಯುವಕರನ್ನು ಕೃಷಿಯತ್ತ ಸೆಳೆದು ಉಳಿಸಿಕೊಳ್ಳಬೇಕೆಂದೇ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ ‘ಆರ್ಯ’ ಎಂಬ ಯೋಜನೆಯನ್ನು ತಂದಿತು. ನಮ್ಮ ಜಿಲ್ಲೆಗೇ 2012ರಲ್ಲಿ ಕೆಳದಿ ಶಿವಪ್ಪನಾಯಕನ ಹೆಸರಿನ ಕೃಷಿ ವಿಶ್ವವಿದ್ಯಾಲಯ ಬಂತು. ಅದರ ಆವರಣ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ, ಕಾಗೋಡಿನ ಸೀಮೆಯಲ್ಲೇ. ಹಣಕ್ಕೂ 1998ರಿಂದ ಕಿಸಾನ್ ಕ್ರೆಡಿಟ್ ಕಾರ್ಡುಗಳಿವೆ.

ಆದರೆ ನೆಲ? 1970–71ರಲ್ಲಿ ದೇಶದ ಸರಾಸರಿ ಹಿಡುವಳಿ 2.28 ಹೆಕ್ಟೇರ್ ಇತ್ತು. 2015–16ರ ಕೃಷಿ ಗಣತಿಯಲ್ಲಿ 1.08 ಹೆಕ್ಟೇರಿಗೆ ಇಳಿಯಿತು. ಆ ತುಂಡು ನೆಲವೂ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿರುತ್ತದೆ. ಕಿಸಾನ್ ಯೋಜನೆಯ ನಿಯಮವನ್ನೇ ನೋಡಿ: 2019ರ ಫೆಬ್ರವರಿ 1ರಂದು ಭೂಮಿ ಯಾರ ಹೆಸರಿನಲ್ಲಿತ್ತೋ ಅವರಿಗೆ ನೆರವು. ಆಮೇಲಿನ ಐದು ವರ್ಷ, ಒಡೆಯನು ತೀರಿಕೊಂಡು ಉತ್ತರಾಧಿಕಾರದಿಂದ ಬಂದ ಭೂಮಿಯ ಹೊರತು, ಬೇರೆ ಬದಲಾವಣೆಗೆ ಲೆಕ್ಕವಿಲ್ಲವೆಂದು ನಿಯಮ ಹೇಳಿತು. ಅಂದರೆ, ತಂದೆ ಸತ್ತ ಮೇಲೆಯೇ ಮಗ ರೈತನಾಗಬೇಕು. ಇದನ್ನು ಬರೆದವರಿಗೆ ದುರುದ್ದೇಶವಿರಲಿಲ್ಲ. ನೆರವಿಗಾಗಿಯೇ ಖಾತೆ ಒಡೆಯುವುದನ್ನು ತಡೆಯುವುದು ಅವರ ಗುರಿಯಿರಬೇಕು. ಆದರೆ ತರುಣನ ಪಾಲಿಗೆ ಅದು ಮುಚ್ಚಿದ ಬಾಗಿಲು.

ನೆಲವೇ ಇಲ್ಲದ ತರುಣನ ಪಾಡು ಇನ್ನೂ ಕಠಿಣ. ಗೇಣಿ ಪದ್ಧತಿಯನ್ನು ನಿಷೇಧಿಸಿದ ಕಾನೂನು ನಮ್ಮನ್ನು ಒಕ್ಕಲುತನದಿಂದ ಬಿಡಿಸಿತು. ಅದೇ ಕಾನೂನು, ಇಂದು ಒಪ್ಪಂದದ ಮೇಲೆ ಉಳುವ ಹುಡುಗನಿಗೆ ತೋರಿಸಲು ಒಂದು ಕಾಗದವೂ ಇಲ್ಲದಂತೆ ಮಾಡಿದೆ. ಬಾಯಿಮಾತಿನ ಗುತ್ತಿಗೆಗೆ ಬೆಳೆ ಸಾಲವನ್ನು ಯಾರು ಕೊಡುತ್ತಾರೆ? 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ದುಡ್ಡಿರುವವರೊಡನೆ ಪೈಪೋಟಿ ಮಾಡಿ ಎಕರೆ ನೆಲ ಕೊಳ್ಳುವ ಶಕ್ತಿ ಹಳ್ಳಿಯ ಹುಡುಗನಿಗೆಲ್ಲಿದೆ? ಹಳೆಯ ಗೇಣಿ ಮರಳಿ ಬರಬೇಕೆಂದು ನಾನು ಹೇಳುತ್ತಿಲ್ಲ. ಆ ಕಣವನ್ನು ಕಂಡವನು ಹಾಗೆ ಹೇಳಲಾರ. ಒಡೆಯನ ಹಕ್ಕೂ ಉಳಿದು, ಉಳುವವನ ಕೈಗೆ ಒಂದು ಕಾಗದವೂ ಸಿಗುವ ಕ್ರಮವನ್ನು ತಿಳಿದವರು ಯೋಚಿಸಬೇಕು.

ಈಗ ಬಂಧುಗಳಿಗೆ ನನ್ನ ಮಾತು. ಅಪ್ಪಯ್ಯ 1986ರಲ್ಲಿ ತೀರಿಕೊಂಡ ಮೇಲೆ ಆ ಗದ್ದೆ ಜಂಟಿ ಖಾತೆಯಾಯಿತು. ಇಂದು ಪಹಣಿಯಲ್ಲಿ ನನ್ನ ಹೆಸರಿದೆ, ತಂಗಿಯ ಹೆಸರಿದೆ, ತೀರಿಕೊಂಡ ಅಣ್ಣನ ಇಬ್ಬರು ಮಕ್ಕಳ ಹೆಸರಿದೆ. ಉಳುವವನ ಹೆಸರೊಂದನ್ನು ಬಿಟ್ಟು ಎಲ್ಲರ ಹೆಸರೂ ಇದೆ! ನಲವತ್ತು ವರ್ಷ ಸಂಬಳ, ಪಿಂಚಣಿ ತಿಂದ ನಾನು ಆ ಗದ್ದೆಗೆ ಇಳಿದು ಎಷ್ಟು ಕಾಲವಾಯಿತು? ಆದರೂ ನನ್ನ ರುಜು ಇಲ್ಲದೆ ಆ ಹುಡುಗನಿಗೆ ಒಂದು ಕೊಳವೆಬಾವಿಗೂ ಸಾಲ ಹುಟ್ಟುವುದಿಲ್ಲ. 1953ರಲ್ಲಿ ಅಣ್ಣನ ಹಗ್ಗಕ್ಕೆ ಅಡ್ಡ ಬಂದವರು ಒಡೆಯರು. ಇಂದು ಅವನ ಮೊಮ್ಮಗನಿಗೆ ಅಡ್ಡ ಬಂದಿರುವವರು ನಾವೇ. ಬಡ್ಡಿಯಿಲ್ಲದ, ಗೇಣಿಯಿಲ್ಲದ ಒಡೆಯರು, ಅಷ್ಟೇ ವ್ಯತ್ಯಾಸ.

ಆದಕಾರಣ ನನ್ನ ಪಾಲನ್ನು ಅಣ್ಣನ ಹಿರಿಯ ಮಗನ ಹೆಸರಿಗೆ ಬಿಡುಗಡೆ ಪತ್ರ ಮಾಡಿಕೊಡಲು ನಿಶ್ಚಯಿಸಿದ್ದೇನೆ. ಅವನು ಅದನ್ನು ಕೂಡಲೇ ತನ್ನ ಮಗನ ಹೆಸರಿಗೆ ಮಾಡಬೇಕೆಂಬುದೊಂದೇ ನನ್ನ ಷರತ್ತು. ತಂಗಿಯ ಪಾಲಿನ ಬಗ್ಗೆ ನಾನು ಮಾತನಾಡುವುದಿಲ್ಲ. ಅವಳ ಹಕ್ಕು ಅವಳದು, ಕೊಟ್ಟರೂ ಇಟ್ಟುಕೊಂಡರೂ ಅದು ಅವಳ ಇಚ್ಛೆ. ಹೆಣ್ಣುಮಕ್ಕಳು ಬಿಟ್ಟುಕೊಡಲಿ ಎಂದು ಗಂಡಸರು ಉಪದೇಶಿಸುವ ಪದ್ಧತಿಗೆ ನಾನು ಸೇರುವುದಿಲ್ಲ. ಉಳಿದವರು ಯೋಚಿಸಿ. ಕನಿಷ್ಠ ಪಕ್ಷ ಪಾಲು ವಿಂಗಡಿಸಿ ಕಾಗದ ಮಾಡಿಕೊಳ್ಳೋಣ. ಆಗ ಉಳುವವನ ಪಾಲಾದರೂ ಅವನ ಹೆಸರಿಗೆ ಬಂದೀತು.

ಹೊರ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲೂ ಬಹುಮಂದಿಯ ಹೆಸರು ಯಾವುದೋ ಊರಿನ ಪಹಣಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮುಂದಿನ ಬಾರಿ ಹಬ್ಬಕ್ಕೆ ಹೋದಾಗ ಒಮ್ಮೆ ತೆಗೆಸಿ ನೋಡಿ. ಆ ನೆಲವನ್ನು ಯಾರು ಉಳುತ್ತಿದ್ದಾರೆ, ಅವರ ಹೆಸರು ಅದರಲ್ಲಿದೆಯೇ ಎಂದು ಕೇಳಿ.

ಮೊಮ್ಮಗನಿಗೆ ನಿನ್ನೆ ದೂರವಾಣಿ ಮಾಡಿ ಹೇಳಿದೆ: “ಮಗೂ, ನೀನು ರೈತನೇ. ಕಾಗದವನ್ನು ನಾವು ಸರಿಮಾಡುತ್ತೇವೆ.” ಬರುವ ವಾರ ಸೊರಬದ ಉಪನೋಂದಣಿ ಕಚೇರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಆಧಾರ್ ಕಾರ್ಡನ್ನು ಮರೆಯದೆ ತರಬೇಕಂತೆ.